ಮುಂದಿನ ಕಾರು ಯಾಕೆ ನಿಂತಿತು?

ಬಂಡೀಪುರದ ರಸ್ತೆಯಲ್ಲಿ ನಾನು ಅತಿ ಹೆಚ್ಚು ನೋಡಿರುವ ಪ್ರಾಣಿ ಬಿಳಿ ಬಣ್ಣದ್ದು. ಅದಕ್ಕೆ ನಾಲ್ಕು ಚಕ್ರ. ಹಿಂಭಾಗದಲ್ಲಿ ಕೆಂಪು ದೀಪ ಮಿನುಗಿಸುತ್ತಾ ರಸ್ತೆ ಪಕ್ಕ ನಿಂತಿರುತ್ತದೆ.

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ ದಾಟಿ ಊಟಿಗೆ ಹೋಗುವ ದಾರಿ ಅದು. ಗುಂಡ್ಲುಪೇಟೆ ಕಡೆ ಸೂರ್ಯಕಾಂತಿ ಅರಳಿದ್ದರೆ ಹೊಲದೊಳಗೆ ನಿಂತು ಫೋಟೊ ತೆಗೆಸಿಕೊಳ್ಳಲು ಹೊಲದವರು ಒಂದಿಷ್ಟು ಕಾಸು ಕೇಳುತ್ತಾರೆ. ಕೇಳಲಿ ಬಿಡಿ, ಹೂವು ತುಳಿಯುವವರು ನಾವೇ ಅಲ್ವಾ. ಅಲ್ಲಿಯವರೆಗೆ ಕಾರಿನೊಳಗೆ ಹಾಡು, ಜಗಳ, ಚಕ್ಕುಲಿ ಎಲ್ಲ ಇರುತ್ತದೆ. ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ದಾಟಿದ್ದೇ ತಡ, ಎಲ್ಲರೂ ಪಿಸುಮಾತಿಗೆ ಇಳಿಯುತ್ತಾರೆ. ಗಾಜು ಏರಿಸಿರುತ್ತದೆ, ಎಂಜಿನ್ ಗುರುಗುಡುತ್ತಿರುತ್ತದೆ, ಆದರೂ ಪಿಸುಮಾತು. ಹುಲಿಗೆ ಕೇಳಿಸಬಾರದಂತೆ.

ಗಾಡಿ ನಿಲ್ಲಿಸಬೇಡಿ, ಇಳಿಯಬೇಡಿ, ಹಾರ್ನ್ ಮಾಡಬೇಡಿ, ಪ್ರಾಣಿಗಳಿಗೆ ತಿನ್ನಲು ಕೊಡಬೇಡಿ. ಬೋರ್ಡುಗಳನ್ನು ಓದಿದ ಮಗ "ನಮ್ಮ ಸ್ಕೂಲ್ ಥರಾನೇ ಇದೆ" ಎಂದ. ನಿಯಮವೆಲ್ಲ ಸರಿಯೇ. ಆದರೆ ನಿಲ್ಲಿಸದೆ ನೋಡುವುದು ಹೇಗೆ? ಅದಕ್ಕೇ ನಮ್ಮ ಜನ ಒಂದು ನಡಿಗೆ ಕಂಡುಕೊಂಡಿದ್ದಾರೆ. ಕಾರು ನಿಂತೂ ಇರುವುದಿಲ್ಲ, ಹೋಗುತ್ತಲೂ ಇರುವುದಿಲ್ಲ. ಮದುವೆ ಮೆರವಣಿಗೆಯ ಹಿಂದೆ ಸಿಕ್ಕಿಕೊಂಡ ಹಾಗೆ ಉರುಳುತ್ತದೆ. ಗಾರ್ಡ್ ಬಂದು ಕೇಳಿದರೆ "ಹೊರಟಿದ್ದೀವಲ್ಲ ಸಾರ್" ಎನ್ನಬಹುದು.

ಕಾಡು ನೋಡುವುದು ಎಂದರೆ ನಮಗೆ ಮುಂದಿನ ಕಾರು ನೋಡುವುದು. ಅದು ನಿಂತರೆ ಏನೋ ಇದೆ. ಎರಡು ನಿಂತರೆ ಆನೆ. ಐದು ನಿಂತರೆ ಖಂಡಿತ ಹುಲಿ. ನಾವೂ ಹಿಂದೆ ಹೋಗಿ ಸೇರಿಕೊಂಡು, ಅವರೆಲ್ಲ ನೋಡುವ ಕಡೆಗೇ ಕತ್ತು ತಿರುಗಿಸುತ್ತೇವೆ. ಒಂದು ಸಲ ಹಾಗೆ ಹತ್ತು ನಿಮಿಷ ನೋಡಿದ ಆನೆ ಕೊನೆಗೆ ಹುತ್ತವಾಯಿತು. ಬೈದುಕೊಳ್ಳುವ ಹಾಗಿಲ್ಲ. ಅದೇ ಮಣ್ಣನ್ನು ಮೈಗೆ ಎರಚಿಕೊಳ್ಳುವ ಆನೆಗೂ ಹುತ್ತಕ್ಕೂ ಒಂದೇ ಬಣ್ಣ. ಸುಟ್ಟ ಮರದ ಬೊಡ್ಡೆಗಳದ್ದು ಇನ್ನೊಂದು ಕಾಟ, ದೂರದಿಂದ ಎಲ್ಲವೂ ಕಾಟಿಯೇ, ಅಂದರೆ ಕಾಡುಕೋಣವೇ. ಕಾಲಿಗೆ ಬಿಳಿ ಸಾಕ್ಸ್ ಹಾಕಿದಂತಿದ್ದರೆ ಕಾಟಿ, ಇಲ್ಲದಿದ್ದರೆ ಬೊಡ್ಡೆ ಎಂದು ಮಗನಿಗೆ ಹೇಳಿಕೊಟ್ಟೆ. ಸಾಕ್ಸ್ ಕಾಣಿಸಬೇಕಾದರೆ ಕಾಲು ಕಾಣಿಸಬೇಕು. ಕಾಲು ಮುಚ್ಚುವುದಕ್ಕೆಂದೇ ಲಂಟಾನ ಇದೆ. ಬ್ರಿಟಿಷರ ಕಾಲದಲ್ಲಿ ತೋಟದ ಚೆಂದಕ್ಕೆಂದು ಅಮೆರಿಕ ಖಂಡದ ಕಡೆಯಿಂದ ಬಂದ ಗಿಡ. ಬಣ್ಣಬಣ್ಣದ ಹೂವೇನೋ ಚೆಂದವೇ. ಆದರೆ ಈಗ ಹುಲ್ಲು ಬೆಳೆಯುವ ಜಾಗವನ್ನೆಲ್ಲ ನುಂಗಿ, ಆಳೆತ್ತರದ ಗೋಡೆಯಾಗಿ ನಿಂತಿದೆ. ಅದರ ಹಿಂದೆ ಒಂದು ಸರ್ಕಸ್ ಕಂಪನಿಯೇ ಬಿಡಾರ ಹೂಡಿದ್ದರೂ ನಮಗೆ ಗೊತ್ತಾಗುವುದಿಲ್ಲ.

ರಸ್ತೆಯ ಅಂಚಿನಲ್ಲಿ ಪೊದೆ ಸವರಿದ ಕಡೆ ಮಾತ್ರ ಎಳೆ ಹುಲ್ಲು ಚಿಗುರಿರುತ್ತದೆ. ಅಲ್ಲಿ ಜಿಂಕೆ. ಮೊದಲ ಜಿಂಕೆಗೆ ಕಾರಿನಲ್ಲಿ ಚಪ್ಪಾಳೆ, ಹತ್ತನೆಯದಕ್ಕೆ "ಹೂಂ", ಐವತ್ತನೆಯದಕ್ಕೆ ಯಾರೂ ತಲೆ ಎತ್ತುವುದಿಲ್ಲ. ಪಾಪ, ಇಷ್ಟು ಚೆಂದದ ಪ್ರಾಣಿಗೆ ಈ ಕಾಡಿನಲ್ಲಿರುವ ಒಂದೇ ಕೊರತೆ ಎಂದರೆ ಅದು ಜಾಸ್ತಿ ಇದೆ.

ನಮ್ಮ ಅತ್ತೆ ಮಾತ್ರ ಮೊದಲ ಜಿಂಕೆಗೂ ತಲೆ ಎತ್ತಿರಲಿಲ್ಲ. ಅವರ ತವರು ಗುಂಡ್ಲುಪೇಟೆ ಸೀಮೆಯ ಕಾಡಂಚಿನ ಹಳ್ಳಿ. ಹುರುಳಿ ಕಾಯಲು ಅಟ್ಟಣೆ ಮೇಲೆ ರಾತ್ರಿಯಿಡೀ ಕೂತು, ತಗಡು ಬಡಿದು ಹಂದಿ, ಜಿಂಕೆ, ಆನೆ ಓಡಿಸಿದವರ ಮನೆ. "ಇದ ನೋಡಕ್ಕಾ ಇಷ್ಟು ಪೆಟ್ರೋಲ್ ಸುಟ್ಕಂಡು ಬಂದದ್ದು?" ಎಂದು ಮೊಮ್ಮಗನನ್ನು ಕೇಳಿದರು. "ಒಂದೆಕರೆ ಹುರುಳಿ ಹಾಕು ಮಗಾ. ಅವೇ ಬಂದು ನಿನ್ನ ನೋಡ್ಕಂಡು ಹೋಯ್ತವೆ."

ಅವನಿಗೆ ಹುಲಿಯೇ ಬೇಕಿತ್ತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು ಎಂದು ನಾನೇ ಅವನಿಗೆ ಹೇಳಿ ಕೆಟ್ಟಿದ್ದೆ. "ಹಾಗಾದ್ರೆ ಎಲ್ಲಿ?" ಎಂದು ಅವನ ಪ್ರಶ್ನೆ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಈ ರಸ್ತೆ ಮುಚ್ಚಿರುತ್ತದೆ, ಆಗ ಓಡಾಡುತ್ತಿರಬಹುದು ಎಂದೆ. ಗಾಡಿಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತವೆಂದು 2009ರಲ್ಲಿ ಬಂದ ನಿಯಮ ಅದು. ಆಂಬುಲೆನ್ಸ್, ಒಂದೆರಡು ಬಸ್ಸು ಬಿಟ್ಟರೆ ಬೇರೆ ಯಾರಿಗೂ ದಾರಿಯಿಲ್ಲ. ಹಗಲು ನಮ್ಮ ಪಾಳಿ, ರಾತ್ರಿ ಅವುಗಳ ಪಾಳಿ. ನಮ್ಮ ಪಾಳಿಯಲ್ಲಿ ನಿಂತು ಅವು ಯಾಕೆ ಬರಲಿಲ್ಲ ಎಂದು ಕೇಳುವುದು, ರಾತ್ರಿ ಡ್ಯೂಟಿಯವರ ಮನೆ ಬಾಗಿಲನ್ನು ಬೆಳಗ್ಗೆ ಹತ್ತಕ್ಕೆ ಬಡಿದಂತೆ.

ಇನ್ನೇನು ಗಡಿ ಹತ್ತಿರವಾಗುತ್ತಿತ್ತು. ಗಡಿ ದಾಟಿದರೆ ತಮಿಳುನಾಡಿನ ಮುದುಮಲೈ. ನೀಲಗಿರಿಗೆ ಪ್ಲಾಸ್ಟಿಕ್ ಬಾಟಲಿ ಒಯ್ಯುವ ಹಾಗಿಲ್ಲ, ಚೆಕ್‌ಪೋಸ್ಟಿನಲ್ಲಿ ಹುಡುಕಿ ತೆಗೆಸುತ್ತಾರೆ. ಹೀಗಾಗಿ ಅತ್ತೆ ಮಜ್ಜಿಗೆಯನ್ನು ಹಳೆಯ ಸ್ಟೀಲ್ ಡಬ್ಬಿಯಲ್ಲಿ ತಂದು ತೊಡೆ ಮೇಲೆ ಇಟ್ಟುಕೊಂಡಿದ್ದರು. ಈ ರಸ್ತೆಯಲ್ಲಿ ಜಿಂಕೆ ಬಿಟ್ಟರೆ ಜಾಸ್ತಿ ಇರುವುದು ಹಂಪು. ನಾನು ಎಡಗಡೆಯ ಒಂದು ಬೊಡ್ಡೆಯ ಕಾಲಿಗೆ ಸಾಕ್ಸ್ ಇದೆಯೇ ಎಂದು ನೋಡುತ್ತಿದ್ದೆ. ಹಂಪು ನೋಡಲಿಲ್ಲ. ಕಾರು ಎಗರಿತು. ಮುಚ್ಚಳ ಒಂದು ಕಡೆ, ಮಜ್ಜಿಗೆ ಅತ್ತೆಯ ಸೀರೆಯ ಮೇಲೆ.

ನಿಲ್ಲಿಸಬಾರದು, ಗೊತ್ತು. ಆದರೂ ನಿಲ್ಲಿಸಿದೆ. ಬೇಗ ಬಟ್ಟೆಯಿಂದ ಒರೆಸಿಕೊಂಡು ಹೊರಡುವುದು ಎಂದುಕೊಂಡೆ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಒಂದು ಬಿಳಿ ಕಾರು ದೀಪ ಮಿನುಗಿಸುತ್ತಾ ನಿಂತಿದೆ. ಅದರ ಹಿಂದೆ ಇನ್ನೊಂದು. ಮತ್ತೊಂದು. ಕಿಟಕಿಗಳಿಂದ ಮೊಬೈಲುಗಳು ಹೊರಬಂದವು. ಹಿಂದಿನ ಕಾರು ನಿಧಾನಕ್ಕೆ ಉರುಳುತ್ತಾ ನಮ್ಮ ಪಕ್ಕಕ್ಕೆ ಬಂತು. ಓಡಿಸುತ್ತಿದ್ದವರು ಗಾಜು ಇಳಿಸಿ ಪಿಸುಗುಟ್ಟಿದರು.

"ಎಲ್ಲಿ ಸಾರ್?"

ಮಜ್ಜಿಗೆ ಎನ್ನಲು ಬಾಯಿ ಬರಲಿಲ್ಲ. ಐದು ಕಾರಿನ ಜನ ನನ್ನ ಮುಖ ನೋಡುತ್ತಿದ್ದರು. ಸುಮ್ನೆ ಬಲಗಡೆಯ ಲಂಟಾನದ ಕಡೆ ಕೈ ತೋರಿಸಿ, "ಈಗ ತಾನೆ ಒಳಗೆ ಹೋಯ್ತು" ಎಂದೆ.

ಅವರು ಕಣ್ಣು ಕಿರಿದು ಮಾಡಿ ತುಂಬ ಹೊತ್ತು ನೋಡಿದರು. ಆಮೇಲೆ ನಿಧಾನಕ್ಕೆ ತಲೆಯಾಡಿಸಿದರು.

"ಹೌದು ಸಾರ್. ಬಾಲ ಕಾಣ್ತಿದೆ."

ನಾವೆಲ್ಲ ತಿರುಗಿ ನೋಡಿದೆವು. ಸೀರೆ ಒರೆಸುವುದನ್ನು ಬಿಟ್ಟು ಅತ್ತೆಯೂ ನೋಡಿದರು.