ಫೋಟೋದ ಬೆನ್ನು ನೋಡದೆ ಲೈಟ್‌ಹೌಸಿನ ಇತಿಹಾಸ ಬರೆಯಬೇಡಿ

ಹಳೆಯ ಲೈಟ್‌ಹೌಸಿನ ಕಪ್ಪುಬಿಳುಪು ಫೋಟೋವೊಂದು ಮೊಬೈಲಿಗೆ ಬರುತ್ತದೆ. ಕೆಳಗೆ ‘ಕೋಸ್ಟ್ ಗಾರ್ಡ್ ಲೈಟ್‌ಹೌಸ್, ಅಮೆರಿಕ, 1905’ ಎಂಬ ಒಕ್ಕಣೆ. ಚಿತ್ರ ನೋಡುವ ಮೊದಲೇ ಹೇಳಬಹುದು, ಒಕ್ಕಣೆ ತಪ್ಪು. ಅಮೆರಿಕದ ಕೋಸ್ಟ್ ಗಾರ್ಡ್ ಹುಟ್ಟಿದ್ದೇ 1915ರ ಜನವರಿ 28ರಂದು, ಕಡಲಲ್ಲಿ ಸುಂಕದ ಕಾವಲು ಕಾಯುತ್ತಿದ್ದ ರೆವೆನ್ಯೂ ಕಟರ್ ಸರ್ವಿಸ್ ಮತ್ತು ಮುಳುಗುವವರನ್ನು ಕಾಪಾಡುತ್ತಿದ್ದ ಲೈಫ್ ಸೇವಿಂಗ್ ಸರ್ವಿಸ್ ಎರಡೂ ಒಂದಾದಾಗ. ಲೈಟ್‌ಹೌಸುಗಳು ಅದರ ಕೈಗೆ ಬಂದದ್ದು ಇನ್ನೂ ತಡವಾಗಿ, 1939ರ ಜುಲೈ 1ರಂದು. 1905ರಲ್ಲಿ ಅವೆಲ್ಲ ಲೈಟ್‌ಹೌಸ್ ಬೋರ್ಡಿನ ಸೊತ್ತು. ಆ ಬೋರ್ಡು 1852ರಿಂದ 1910ರವರೆಗೆ ಇತ್ತು, ಆಮೇಲೆ ಬ್ಯೂರೋ ಆಫ್ ಲೈಟ್‌ಹೌಸಸ್ ಬಂತು. ಹುಡುಕಾಟದಲ್ಲಿ ‘ಕೋಸ್ಟ್ ಗಾರ್ಡ್’ ಎಂದಷ್ಟೇ ಟೈಪಿಸಿ ‘ಏನೂ ಸಿಗಲಿಲ್ಲ’ ಎನ್ನುವವರು ಎಡವುವುದು ಇಲ್ಲೇ. ಆಯಾ ಕಾಲದಲ್ಲಿ ಆ ಇಲಾಖೆಗೆ ಏನು ಹೆಸರಿತ್ತೋ ಅದನ್ನೇ ಹಾಕಿ ಹುಡುಕಬೇಕು.

ಅಮೆರಿಕದ ಸರ್ಕಾರಿ ದಾಖಲೆಗಳ ಭಂಡಾರವಾದ ನ್ಯಾಷನಲ್ ಆರ್ಕೈವ್ಸಿನಲ್ಲಿ ಈ ಇಲಾಖೆಗಳ ದಾಖಲೆಗಳೆಲ್ಲ ಸೇರುವುದು ರೆಕಾರ್ಡ್ ಗ್ರೂಪ್ 26 ಎಂಬ ವಿಭಾಗದಲ್ಲಿ. ಫೋಟೋಗಳು ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್ ಕಟ್ಟಡದಲ್ಲಿವೆ. ಲೈಟ್‌ಹೌಸಿನವು 26-ಎಲ್‌ಜಿ, ಕೋಸ್ಟ್ ಗಾರ್ಡಿನ ಚಟುವಟಿಕೆಗಳವು 26-ಜಿ ಸಾಲಿನಲ್ಲಿ ಬರುತ್ತವೆ. 1944ರ ಜೂನ್ 6ರಂದು ನಾರ್ಮಂಡಿಯ ದಂಡೆಗೆ ಇಳಿಯುವ ಸೈನಿಕರನ್ನು ದೋಣಿಯೊಳಗಿಂದ ತೆಗೆದ ಆ ಪ್ರಸಿದ್ಧ ಚಿತ್ರ ಕೋಸ್ಟ್ ಗಾರ್ಡಿನ ಛಾಯಾಗ್ರಾಹಕ ರಾಬರ್ಟ್ ಸಾರ್ಜೆಂಟ್ ಅವರದು. ಅದರ ಸಂಖ್ಯೆ 26-ಜಿ-2343. ಈ ಸಂಖ್ಯೆ ಜೊತೆಗಿದ್ದರೆ ಲೋಕದ ಯಾವ ಮೂಲೆಯಲ್ಲಿ ಕುಳಿತವರೂ ಮೂಲಕ್ಕೆ ಮರಳಬಹುದು. ಅಂಚು ಕತ್ತರಿಸಿ, ಸಂಖ್ಯೆ ಬಿಟ್ಟು ಹಂಚಿದ ಚಿತ್ರ ಮಾತ್ರ ಯಾರ ಕೈಗೆ ಹೋದರೂ ಹೊಸ ಹೆಸರು ಪಡೆಯುತ್ತದೆ. ಇದು ಸಣ್ಣ ಅಸಡ್ಡೆಯಲ್ಲ, ದಾಖಲೆಯ ನಾಶವೇ.

ಅಲ್ಲಿ ಈ ಚಿತ್ರಗಳ ಬೆಲೆ ಹೆಚ್ಚಲು ಇನ್ನೊಂದು ಕಾರಣವಿದೆ. 1921ರ ಜನವರಿ 10ರಂದು ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿತ್ತು. 1890ರ ಜನಗಣತಿಯ ಕಾಗದಗಳು ಹಾಳಾದದ್ದು ಎಲ್ಲರಿಗೂ ಗೊತ್ತು. ಲೈಟ್‌ಹೌಸ್ ಇಲಾಖೆಯ ಪತ್ರವ್ಯವಹಾರಕ್ಕೂ ಅದೇ ಗತಿಯಾಯಿತು. ಪತ್ರ ಸುಟ್ಟುಹೋದ ಕಡೆ ಫೋಟೋ ಮತ್ತು ನಕ್ಷೆಗಳೇ ಸಾಕ್ಷಿ ಹೇಳಬೇಕು.

ಸಾಕ್ಷಿ ಕೇಳುವುದು ಹೇಗೆ? ನಾರ್ತ್ ಕ್ಯಾರೊಲೈನಾದ ಕೇಪ್ ಹ್ಯಾಟರಸ್ ಲೈಟ್‌ಹೌಸನ್ನೇ ತೆಗೆದುಕೊಳ್ಳಿ. ಈಗಿನ ಗೋಪುರ ಮೊದಲು ಬೆಳಗಿದ್ದು 1870ರ ಡಿಸೆಂಬರಿನಲ್ಲಿ. 1803ರ ಹಳೆಯ ಗೋಪುರವನ್ನು 1871ರಲ್ಲಿ ಕೆಡವಿದರು. ಹಾಗಾಗಿ ಪೂರ್ತಿಗೊಂಡ ಹೊಸ ಗೋಪುರದ ಪಕ್ಕ ಹಳೆಯದೂ ನಿಂತಿದ್ದರೆ ಚಿತ್ರದ ಕಾಲ ಕೆಲವೇ ತಿಂಗಳುಗಳಿಗೆ ಇಳಿಯುತ್ತದೆ. ಕಪ್ಪುಬಿಳುಪು ಸುರುಳಿ ಪಟ್ಟೆ ಬಳಿದದ್ದು 1873ರಲ್ಲಿ. ಪಟ್ಟೆಯಿಲ್ಲದಿದ್ದರೆ ಅದಕ್ಕಿಂತ ಹಿಂದಿನದು. ಇನ್ನು ಕಡಲು. ಕಟ್ಟಿದಾಗ ನೀರು ಬಹಳ ದೂರವಿತ್ತು. ಕಡಲಕೊರೆತದಿಂದ 1930ರ ದಶಕದಲ್ಲಿ ತೆರೆಗಳು ಬುಡದ ಹತ್ತಿರ ಬಂದವು. 1936ರಲ್ಲಿ ಗೋಪುರವನ್ನೇ ಬಿಟ್ಟು ಬೆಳಕನ್ನು ಕಾಡಿನ ಒಂದು ಉಕ್ಕಿನ ಚೌಕಟ್ಟಿಗೆ ಸಾಗಿಸಿದರು, 1950ರಲ್ಲಿ ಮರಳಿ ತಂದರು. ಆ ನಡುವೆ ಪುಂಡರ ಕೈಗೆ ಸಿಕ್ಕಿ ಫ್ರೆನೆಲ್ ಮಸೂರದ, ಅಂದರೆ ದೀಪದ ಬೆಳಕನ್ನು ಒಟ್ಟುಗೂಡಿಸಿ ದೂರಕ್ಕೆ ಕಳಿಸುವ ಪಟ್ಟಕಗಳ ದೊಡ್ಡ ಮಸೂರದ, ಗಾಜುಗಳು ಹೋದವು. ಹಾಗಾಗಿ ಚಿತ್ರವನ್ನು ಹಿಗ್ಗಿಸಿ ತುದಿಯ ಗಾಜಿನ ಕೋಣೆ ನೋಡಿ. ಪಟ್ಟಕಗಳ ಜೇನುಗೂಡು ತುಂಬಿದೆಯೇ, ಪುಟ್ಟ ವಿದ್ಯುತ್ ದೀಪ ಮಾತ್ರ ಇದೆಯೇ? ಜೇನುಗೂಡಿದ್ದರೆ 1950ಕ್ಕಿಂತ ಹಿಂದಿನದು, ಪುಟ್ಟ ದೀಪವಿದ್ದರೆ ಆಮೇಲಿನದು. ನೀರಿಗೆ ಚಾಚಿದ ತಡೆಗೋಡೆಗಳು ಕಂಡರೆ 1970ರ ಆಸುಪಾಸು ಅಥವಾ ಆಮೇಲಿನದು. 1999ರಲ್ಲಂತೂ ಇಡೀ ಗೋಪುರವನ್ನೇ ಹಳಿಗಳ ಮೇಲೆ 2,900 ಅಡಿ ಜರುಗಿಸಿದರು.

ಅದೇ ಪಟ್ಟೆ ಇನ್ನೊಂದು ಉಪಕಾರ ಮಾಡುತ್ತದೆ. ಗಾಜಿನ ನೆಗೆಟಿವನ್ನು ತಿರುವುಮುರುವಾಗಿ ಇಟ್ಟು ಸ್ಕ್ಯಾನ್ ಮಾಡಿದರೆ ಚಿತ್ರ ಕನ್ನಡಿಯಂತೆ ಎಡಬಲ ಬದಲಾಗುತ್ತದೆ. ಫಲಕವೋ ಅಕ್ಷರವೋ ಇಲ್ಲದ ಚಿತ್ರದಲ್ಲಿ ಇದು ಗೊತ್ತಾಗುವುದೇ ಇಲ್ಲ. ಆದರೆ ಸುರುಳಿ ಯಾವ ಕಡೆಯಿಂದ ನೋಡಿದರೂ ಒಂದೇ ದಿಕ್ಕಿಗೆ ಏರಬೇಕು. ಇಂದಿನ ಫೋಟೋದ ಪಕ್ಕ ಇಟ್ಟರೆ ತಪ್ಪು ತಾನಾಗಿ ಹೊರಬೀಳುತ್ತದೆ.

ಹೆಚ್ಚು ಜನ ಮೋಸಹೋಗುವುದು ಬಣ್ಣದಲ್ಲಿ. ಹತ್ತೊಂಬತ್ತನೇ ಶತಮಾನದ ಫೋಟೋ ಪ್ಲೇಟುಗಳು ಕೆಂಪು ಬೆಳಕನ್ನು ಗ್ರಹಿಸುತ್ತಲೇ ಇರಲಿಲ್ಲ. ಕೆಂಪು ಬಳಿದ ಗೋಪುರ ಚಿತ್ರದಲ್ಲಿ ಕಪ್ಪಾಗಿ, ನೀಲಿ ಆಕಾಶ ಬೆಳ್ಳಗೆ ಬರುತ್ತಿತ್ತು. ಹಾಗಾಗಿ ಹಳೆಯ ಫೋಟೋ ನೋಡಿ ‘ಗೋಪುರ ಆಗ ಕಪ್ಪಾಗಿತ್ತು’ ಎಂದು ಬರೆಯುವುದು ಅಪಾಯ. ಆಯಾ ವರ್ಷದ ಲೈಟ್ ಲಿಸ್ಟ್, ಅಂದರೆ ಲೈಟ್‌ಹೌಸುಗಳ ಅಧಿಕೃತ ಪಟ್ಟಿ, ತೆಗೆದು ಬಣ್ಣದ ವಿವರ ಓದಿ. ಬಣ್ಣ ಬದಲಾಯಿಸಿದ ದಿನ ನಾವಿಕರ ಪ್ರಕಟಣೆಗಳಲ್ಲಿ ಸಿಗುತ್ತದೆ. ಯಂತ್ರದಿಂದ ಬಣ್ಣ ತುಂಬಿಸಿದ ಚಿತ್ರವನ್ನಂತೂ ಪುರಾವೆಯಾಗಿ ಬಳಸಲೇಬೇಡಿ. ದೀಪದ ಕೋಣೆ ಬಿಳಿಯಾಗಿ ಮುಚ್ಚಿಕೊಂಡಂತೆ ಕಂಡರೆ ‘ಪಾಳುಬಿದ್ದಿತ್ತು’ ಎನ್ನುವುದೂ ಉಂಟು. ಅದು ಪರದೆ. ಹಗಲಿನ ಬಿಸಿಲು ಮಸೂರದಲ್ಲಿ ಹಾದರೆ ಭೂತಕನ್ನಡಿಯಂತೆ ಒಂದೇ ಕಡೆ ಕೇಂದ್ರೀಕರಿಸಿ ಸುಡುತ್ತದೆ, ಅದಕ್ಕೇ ಕಾವಲುಗಾರರು ಬೆಳಗ್ಗೆ ದೀಪ ಆರಿಸಿ ಪರದೆ ಎಳೆಯುತ್ತಿದ್ದರು. ಪರದೆ ಇದೆಯೆಂದರೆ ಒಳಗೆ ಕೆಲಸ ನಡೆದಿದೆ ಎಂದೇ ಅರ್ಥ.

ಲೈಟ್‌ಹೌಸ್ ಕಟ್ಟಲಾಗದ ಕಡೆ ಲಂಗರು ಹಾಕಿ ಬೆಳಕು ತೋರಿಸುತ್ತಿದ್ದ ದೀಪನೌಕೆಗಳದು ಇನ್ನೊಂದು ಗೊಂದಲ. ಒಡಲ ಮೇಲೆ ದೊಡ್ಡದಾಗಿ ಬರೆದ ‘ನ್ಯಾಂಟಕೆಟ್’ ಹಡಗಿನ ಹೆಸರಲ್ಲ, ಅದು ಕಾವಲಿದ್ದ ಠಾಣೆಯ ಹೆಸರು. ಬೇರೆ ಠಾಣೆಗೆ ಹೋದರೆ ಹೆಸರು ಅಳಿಸಿ ಹೊಸದು ಬರೆಯುತ್ತಿದ್ದರು. ಹಡಗಿನ ಗುರುತು ಅದರ ಎಲ್‌ವಿ (ಲೈಟ್ ವೆಸೆಲ್) ಸಂಖ್ಯೆ. 1934ರ ಮೇ 15ರಂದು ಮಂಜಿನಲ್ಲಿ ಒಲಿಂಪಿಕ್ ಹಡಗು ಡಿಕ್ಕಿ ಹೊಡೆದು ಮುಳುಗಿಸಿ ಏಳು ಜನರನ್ನು ಬಲಿ ತೆಗೆದುಕೊಂಡ ನ್ಯಾಂಟಕೆಟ್ ಎಲ್‌ವಿ-117. 1936ರಲ್ಲಿ ಅಲ್ಲಿ ಬಂದು ನಿಂತದ್ದು ಎಲ್‌ವಿ-112. ಎರಡರ ಒಡಲಿನ ಮೇಲೂ ಒಂದೇ ಹೆಸರು. ಕೋಸ್ಟ್ ಗಾರ್ಡ್ ಹಡಗುಗಳಿಗೆ ಸುಲಭದ ಗುರುತೊಂದಿದೆ: ಓರೆಯಾದ ಕೆಂಪು ಪಟ್ಟೆಯನ್ನು ಒಪ್ಪಿಕೊಂಡದ್ದು 1967ರಲ್ಲಿ.

ನಮ್ಮ ಕರಾವಳಿಗೂ ಇದೇ ಎಚ್ಚರ ಬೇಕು. ಕಾಪು ಲೈಟ್‌ಹೌಸ್ 1901ರದು, ಭಾರತೀಯ ಕೋಸ್ಟ್ ಗಾರ್ಡ್ 1977ರದು. ಅಮೆರಿಕದಂತೆ ಇಲ್ಲಿ ಎರಡೂ ಒಂದಾಗಲೇ ಇಲ್ಲ. ನಮ್ಮ ದೀಪಗಳು 1927ರ ಲೈಟ್‌ಹೌಸ್ ಕಾಯಿದೆಯಡಿ ಇದ್ದವು, 2021ರಲ್ಲಿ ಅದರ ಜಾಗಕ್ಕೆ ಹೊಸ ಕಾಯಿದೆ ಬಂತು. ನೋಡಿಕೊಳ್ಳುವುದು ಲೈಟ್‌ಹೌಸುಗಳ ಮಹಾನಿರ್ದೇಶನಾಲಯ. ಕೋಸ್ಟ್ ಗಾರ್ಡಿನ ಕಡತದಲ್ಲಿ ಕಾಪುವಿನ ನಕ್ಷೆ ಹುಡುಕಿದರೆ ಕಾಲಹರಣ.

ಮನೆಯ ಆಲ್ಬಮಿನಲ್ಲಿ ಕಾಪುವಿನ ಬಂಡೆಯ ಮುಂದೆ ನಿಂತ ಹಳೆಯ ಫೋಟೋ ಇದ್ದರೆ ಅದೂ ದಾಖಲೆಯೇ. ಅಂಟಿಕೊಂಡಿದ್ದರೆ ಕೀಳಬೇಡಿ, ಪುಟ ಸಮೇತ ಫೋಟೋ ತೆಗೆಯಿರಿ. ಬಿಡಿಯಾಗಿದ್ದರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ನಾಲ್ಕೂ ಅಂಚು ಕಾಣುವಂತೆ 600 ಡಿಪಿಐಯಲ್ಲಿ (ಅಂಗುಲಕ್ಕೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಟಿಫ್ ಎಂಬ ಬಗೆಯ ಕಡತವಾಗಿ ಉಳಿಸಿ. ನೆಗೆಟಿವ್ ಇದ್ದರೆ ಇನ್ನೂ ಹೆಚ್ಚು ಡಿಪಿಐ ಬೇಕು. ಆಮೇಲೆ ಮಗುಚಿ, ಹಿಂಬದಿಯನ್ನೂ ಹಾಗೆಯೇ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಮೊಹರು, ಪೆನ್ಸಿಲಿನ ಒಂದು ಸಂಖ್ಯೆ, ಯಾರೋ ಗೀಚಿದ ತಾರೀಕು ಇರುವುದು ಅಲ್ಲಿ. ಎರಡು ಕಡತಗಳಿಗೂ ಒಂದೇ ಹೆಸರು ಕೊಟ್ಟು ಕೊನೆಗೆ ‘ಮುಂದೆ’, ‘ಹಿಂದೆ’ ಎಂದು ಸೇರಿಸಿ. ಹೊಸದಾಗಿ ಏನಾದರೂ ಬರೆಯುವುದಿದ್ದರೆ ಬೇರೆ ಚೀಟಿಯಲ್ಲಿ ಬರೆಯಿರಿ, ಬಾಲ್ ಪೆನ್ನು ಫೋಟೋದ ಹತ್ತಿರ ಬರದಿರಲಿ. ಹಿಂದಿನಿಂದ ಒತ್ತಿದ ಗೀರು ಮುಂದಿನ ಮುಖಕ್ಕೂ ಮೂಡುತ್ತದೆ.