ಹೈಸ್ಕೂಲ್ ಹೋಂವರ್ಕ್: ಯಾರ ಪಾಲು ಎಷ್ಟು?

ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಹೋಂವರ್ಕ್ ಬೇಕೋ ಬೇಡವೋ ಅನ್ನುವ ವಾದವೂ ಶುರುವಾಗುತ್ತದೆ. ನನ್ನ ಮಟ್ಟಿಗೆ ಅದು ಮುಗಿದ ಪ್ರಶ್ನೆ. ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಹೋಂವರ್ಕ್ ಬೇಕು. ಮೇಷ್ಟ್ರು ಬೋರ್ಡ್ ಮೇಲೆ ಲೆಕ್ಕ ಬಿಡಿಸಿದಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ಮನೆಗೆ ಬಂದು ಒಬ್ಬರೇ ಕೂತಾಗ ಎರಡನೇ ಸ್ಟೆಪ್‌ನಲ್ಲೇ ಪೆನ್ನು ನಿಲ್ಲುತ್ತದೆ. ಎಲ್ಲಿ ನಿಂತಿತು ಅಂತ ಮಗುವಿಗೆ ಗೊತ್ತಾಗುವುದು ಆಗಲೇ. ನನ್ನ ತಕರಾರು ಬೇರೆ. ಈ ಕೆಲಸದಲ್ಲಿ ಮಕ್ಕಳ ಪಾಲೆಷ್ಟು, ಟೀಚರ್ ಪಾಲೆಷ್ಟು, ಅಪ್ಪ ಅಮ್ಮಂದಿರ ಪಾಲೆಷ್ಟು ಅನ್ನುವುದನ್ನು ಮೂರು ಜನ ಒಟ್ಟಿಗೆ ಕೂತು ಯಾವತ್ತೂ ಮಾತಾಡುವುದಿಲ್ಲ.

ಪ್ರೈಮರಿಯಲ್ಲಿ ಬಹುತೇಕ ಒಬ್ಬಿಬ್ಬರು ಟೀಚರ್ ಇರುತ್ತಾರೆ. ಇವತ್ತು ಮಕ್ಕಳಿಗೆ ಎಷ್ಟು ಕೊಟ್ಟೆ ಅನ್ನುವುದು ಅವರಿಗೆ ಗೊತ್ತು. ಹೈಸ್ಕೂಲಿಗೆ ಬಂದರೆ ಆರು ವಿಷಯ, ಆರು ಜನ. ಗಣಿತದವರು ಅರ್ಧ ಗಂಟೆಯ ಕೆಲಸ ಅಂತ ಕೊಡುತ್ತಾರೆ, ನಿಜಕ್ಕೂ ಅಷ್ಟೇ ಇರುತ್ತದೆ. ವಿಜ್ಞಾನದವರದ್ದೂ ಅರ್ಧ ಗಂಟೆ, ಸಮಾಜದವರದ್ದೂ ಅಷ್ಟೇ, ಮೂರು ಭಾಷೆಗಳದ್ದೂ ಹಾಗೇ. ಆರೂ ಒಂದೇ ದಿನ ಬಿದ್ದರೆ ಮೂರು ಗಂಟೆ. ಯಾರದ್ದೂ ತಪ್ಪಿಲ್ಲ, ಆದರೆ ಒಟ್ಟು ಲೆಕ್ಕ ಹಾಕುವವರು ಒಬ್ಬರೂ ಇಲ್ಲ. ಸಂಜೆ ಬಸ್ ಹಿಡಿದು ಮನೆ ಸೇರಿ, ಕೈಕಾಲು ತೊಳೆದು, ಟ್ಯೂಷನ್ ಇದ್ದರೆ ಅದನ್ನೂ ಮುಗಿಸಿ ಕೂರುವ ಹುಡುಗಿಗೆ ಆ ಮೂರು ಗಂಟೆ ಎಲ್ಲಿಂದ ಬರಬೇಕು?

ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಇದಕ್ಕೆ ಲೆಕ್ಕವೇ ಇದೆ. ಎರಡನೇ ಕ್ಲಾಸಿನವರೆಗೆ ಹೋಂವರ್ಕ್ ಇಲ್ಲ. ಮೂರರಿಂದ ಐದರವರೆಗೆ ವಾರಕ್ಕೆ 2 ಗಂಟೆ. ಆರರಿಂದ ಎಂಟರವರೆಗೆ ದಿನಕ್ಕೆ 1 ಗಂಟೆ, ಒಂಬತ್ತರಿಂದ ಮೇಲಕ್ಕೆ ದಿನಕ್ಕೆ ಹೆಚ್ಚೆಂದರೆ 2 ಗಂಟೆ. ಬ್ಯಾಗಿನ ತೂಕದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಈ 2 ಗಂಟೆಯ ಬಗ್ಗೆ ಮಾತೇ ಇಲ್ಲ. ಅದಕ್ಕೂ ಎಷ್ಟೋ ಮೊದಲು, 1993ರಲ್ಲಿ, ಮಕ್ಕಳ ಓದಿನ ಹೊರೆ ನೋಡಲು ಕೇಂದ್ರ ನೇಮಿಸಿದ್ದ ಯಶಪಾಲ್ ಸಮಿತಿ ಇನ್ನೂ ಮುಖ್ಯವಾದ ಮಾತು ಹೇಳಿತ್ತು: ಬ್ಯಾಗಿನ ಭಾರಕ್ಕಿಂತ ಕೆಟ್ಟದ್ದು ಅರ್ಥವಾಗದೆ ಓದುವ ಭಾರ. ಅರ್ಥವಾದ ಹತ್ತು ಲೆಕ್ಕ ಮಕ್ಕಳಿಗೆ ಭಾರ ಆಗುವುದಿಲ್ಲ. ಗೈಡ್ ನೋಡಿಕೊಂಡು ಸುಮ್ನೆ ಇಳಿಸುವ ಒಂದು ಪುಟ ಭಾರವೇ.

ಇನ್ನು ವಾಟ್ಸಾಪ್ ಗ್ರೂಪ್. ರಾತ್ರಿ ಎಂಟು ಗಂಟೆಗೆ ಅಮ್ಮನ ಫೋನಿಗೆ ಹೋಂವರ್ಕ್ ಬರುತ್ತದೆ. ಕೊರೊನಾ ಕಾಲದಲ್ಲಿ ಅದು ಅನಿವಾರ್ಯವಾಗಿತ್ತು, ಒಪ್ಪುತ್ತೇನೆ. ಈಗ ಯಾಕೆ? ಹದಿನಾಲ್ಕು ವರ್ಷದ ಮಗುವಿಗೆ ಡೈರಿಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಲು ಬರುವುದಿಲ್ಲವಾ? ಫೋನಿಗೆ ಬಂದ ಕೂಡಲೇ ಅದು ಅಮ್ಮನ ಕೆಲಸ ಆಗಿಬಿಡುತ್ತದೆ. ಅವಳು ನೆನಪಿಸಬೇಕು, ಅವಳು ಬೈಯಬೇಕು, ಮಗು ಮರೆತರೆ "ಅಮ್ಮ ಹೇಳಲಿಲ್ಲ" ಅನ್ನುವ ಉತ್ತರ ರೆಡಿ. ಅಮ್ಮನ ಫೋನೇ ಇಲ್ಲದ ಮನೆಯ ಮಗು, ಫೋನ್ ಅಪ್ಪನ ಜೇಬಿನಲ್ಲಿದ್ದು ಅಪ್ಪ ರಾತ್ರಿ ಹನ್ನೊಂದಕ್ಕೆ ಬರುವ ಮನೆಯ ಮಗು ಬೆಳಗ್ಗೆ ಕ್ಲಾಸಿನಲ್ಲಿ ಎದ್ದು ನಿಲ್ಲಬೇಕು. ಇದು ಅನ್ಯಾಯ ಅಲ್ವಾ? ಏನು ಮಾಡಬೇಕು ಅಂತ ಬರೆದುಕೊಂಡು ಬರುವುದು ಮಗುವಿನ ಪಾಲು. ಅದನ್ನು ಅವರಿಗೇ ಬಿಡಬೇಕು, ಮರೆತರೆ ಮಾರನೇ ದಿನ ಟೀಚರಿಗೆ ಉತ್ತರ ಅವರೇ ಹೇಳಲಿ.

ಪ್ರಾಜೆಕ್ಟ್ ಕಥೆ ಇನ್ನೂ ಬೇಜಾರು. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ 125 ಆಂತರಿಕ ಅಂಕ, ಅಂದರೆ ಪ್ರಾಜೆಕ್ಟ್, ಟೆಸ್ಟ್ ನೋಡಿ ಶಾಲೆಯಲ್ಲೇ ಕೊಡುವ ಅಂಕ. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ ತಲಾ 20. ಮಗು ವರ್ಷವಿಡೀ ಮಾಡಿದ ಕೆಲಸಕ್ಕೂ ಬೆಲೆ ಸಿಗಲಿ ಅನ್ನುವುದು ಉದ್ದೇಶ, ಒಳ್ಳೆಯದೇ. ಆದರೆ ಅಂಕ ಕೈತಪ್ಪುತ್ತದೆ ಅನ್ನುವ ಭಯಕ್ಕೆ ಅಪ್ಪ ಥರ್ಮೋಕೋಲ್ ಕತ್ತರಿಸುತ್ತಾನೆ, ಅಕ್ಕ ಚಿತ್ರ ಬಿಡಿಸುತ್ತಾಳೆ, ಜೆರಾಕ್ಸ್ ಅಂಗಡಿಯವರು ಇಂಟರ್ನೆಟ್‌ನಿಂದ ಹತ್ತು ಪುಟ ಪ್ರಿಂಟ್ ತೆಗೆದು ಸ್ಪೈರಲ್ ಬೈಂಡಿಂಗ್ ಮಾಡಿ ಕೊಡುತ್ತಾರೆ. ಮಗು ಹೆಸರು, ರೋಲ್ ನಂಬರ್ ಬರೆಯುತ್ತದೆ. ಅಂದ ಚಂದದ ಫೈಲಿಗೆ ಪೂರ್ತಿ ಅಂಕ. ಸ್ವಂತ ಕೈಯಿಂದ ಸೊಟ್ಟ ನಕಾಶೆ ಬಿಡಿಸಿ ತಂದವನಿಗೆ ಕಡಿಮೆ. ದಯವಿಟ್ಟು ಟೀಚರ್‌ಗಳು ಫೈಲ್ ಪಕ್ಕಕ್ಕಿಟ್ಟು ಎರಡು ಪ್ರಶ್ನೆ ಕೇಳಿ. ಮಾಡಿದವರು ಯಾರು ಅಂತ ಅಲ್ಲೇ ಗೊತ್ತಾಗುತ್ತದೆ. ಅಪ್ಪ ಅಮ್ಮಂದಿರು ಕತ್ತರಿ ಕೆಳಗಿಡಿ. ಜಾಗ ಕೊಡಿ, ಟಿವಿ ಆಫ್ ಮಾಡಿ, ಸಾಮಾನು ತಂದುಕೊಡಿ, ಸಾಕು.

ಟೀಚರ್ ಕಡೆಯಿಂದಲೂ ನೋಡಬೇಕು. ಒಬ್ಬ ಗಣಿತ ಮೇಷ್ಟ್ರಿಗೆ ಮೂರು ಸೆಕ್ಷನ್, ತಲಾ 45 ಮಕ್ಕಳು ಅಂದುಕೊಳ್ಳಿ. 135 ನೋಟ್‌ಬುಕ್. ಒಂದಕ್ಕೆ ಎರಡು ನಿಮಿಷ ಅಂದರೂ ನಾಲ್ಕೂವರೆ ಗಂಟೆ. ಪಾಠ ಮಾಡಿ, ಆನ್‌ಲೈನ್ ಮಾಹಿತಿ ತುಂಬಿ, ಸಮೀಕ್ಷೆ, ಚುನಾವಣೆ ಕೆಲಸ ಎಲ್ಲ ಮುಗಿಸಿ ಅವರು ಇದನ್ನು ಯಾವಾಗ ನೋಡಬೇಕು? ಅದಕ್ಕೇ ಪುಟ ತಿರುಗಿಸಿ ಒಂದು ರೈಟ್ ಮಾರ್ಕ್, ಒಂದು ಸಹಿ. ಮಕ್ಕಳು ಬಹಳ ಚುರುಕು. ಒಳಗೆ ಏನು ಬರೆದಿದೆ ಅಂತ ಯಾರೂ ನೋಡುವುದಿಲ್ಲ ಅಂತ ಒಂದೇ ವಾರದಲ್ಲಿ ತಿಳಿದುಕೊಳ್ಳುತ್ತಾರೆ. ಆಮೇಲೆ ಪುಟ ತುಂಬಿಸುವುದಷ್ಟೇ ಕೆಲಸ. ನೋಡಲು ಆಗುವಷ್ಟೇ ಕೊಡಿ ಅನ್ನುವುದು ನನ್ನ ಕೋರಿಕೆ. ಹದಿನೈದು ಲೆಕ್ಕದ ಬದಲು ನಾಲ್ಕು ಕೊಡಿ, ಯಾವ ಸ್ಟೆಪ್‌ನಲ್ಲಿ ತಪ್ಪಿದೆ ಅಂತ ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿ. ಹೋಂವರ್ಕ್ ಮಾಡದಿದ್ದಕ್ಕೆ ಇಂಪೊಸಿಷನ್ ಮಾತ್ರ ಬೇಡ. ಅರ್ಥವಾಗದೆ ಬಿಟ್ಟಿದ್ದನ್ನು ಹತ್ತು ಸಲ ಬರೆಸಿದರೆ ಅರ್ಥವಾಗುತ್ತದಾ?

ಹೆಚ್ಚು ಜನ ಮಾತಾಡದ ಒಂದು ವಿಷಯ ಇದೆ. ಒಂದೇ ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಅಕ್ಕ, ಎಂಟನೇ ಕ್ಲಾಸಿನ ತಮ್ಮ ಇರುತ್ತಾರೆ. ಶಾಲೆಯಿಂದ ಬಂದ ಮೇಲೆ ಅವಳು ಪಾತ್ರೆ ತೊಳೆಯಬೇಕು, ನೀರು ಹಿಡಿಯಬೇಕು, ಚಪಾತಿ ಲಟ್ಟಿಸಬೇಕು. ತಮ್ಮ ಪುಸ್ತಕ ಹಿಡಿದು ಕೂತರೆ "ಪಾಪ ಓದ್ತಿದಾನೆ" ಅನ್ನುತ್ತೇವೆ. ಅವಳ 2 ಗಂಟೆ ಶುರುವಾಗುವುದೇ ರಾತ್ರಿ ಒಂಬತ್ತಕ್ಕೆ. ಮನೆಗೆಲಸ ಬೇಡ ಅನ್ನುತ್ತಿಲ್ಲ. ಡೇರಿಗೆ ಹಾಲು ಹಾಕಿ ಬರುವುದು, ಅಂಗಡಿಗೆ ಹೋಗಿ ಬರುವುದು ಮಕ್ಕಳಿಗೆ ಗೊತ್ತಿರಲಿ, ಆದರೆ ಇಬ್ಬರಿಗೂ ಹಂಚಿ. ಹುಡುಗ ನಾಲ್ಕು ತಟ್ಟೆ ತೊಳೆದರೆ ಅಕ್ಕನಿಗೆ ಅರ್ಧ ಗಂಟೆ ಸಿಗುತ್ತದೆ. ನಾವು ಶಾಲೆಯನ್ನು ಪ್ರಶ್ನೆ ಮಾಡುವಷ್ಟೇ ಗಟ್ಟಿಯಾಗಿ ಇದನ್ನೂ ಕೇಳಬೇಕು.

ಮುಂದಿನ ಪೋಷಕರ ಸಭೆಯಲ್ಲಿ ನಾನು ಒಂದೇ ವಿಷಯ ಎತ್ತುತ್ತೇನೆ. ಕ್ಲಾಸ್ ರೂಮಿನ ಬೋರ್ಡ್ ಮೂಲೆಯಲ್ಲಿ ಒಂದು ಜಾಗ ಬಿಡಿ. ಹೋಂವರ್ಕ್ ಕೊಟ್ಟವರು ಅಲ್ಲಿ ಬರೆಯಲಿ: ವಿಷಯ, ಎಷ್ಟು ನಿಮಿಷ, ಯಾವ ದಿನ ತೋರಿಸಬೇಕು. ಕೊನೆಯ ಪೀರಿಯಡ್‌ಗೆ ಬರುವವರಿಗೆ ಒಟ್ಟು ಎಷ್ಟಾಗಿದೆ ಅಂತ ಕಣ್ಣಿಗೆ ಕಾಣುತ್ತದೆ. 2 ಗಂಟೆ ತುಂಬಿದ್ದರೆ ಅವರದ್ದು ನಾಳೆಗೆ. ಇದಕ್ಕೆ ಹಣ ಬೇಡ, ಆ್ಯಪ್ ಬೇಡ, ಇಲಾಖೆಯ ಸುತ್ತೋಲೆಯೂ ಬೇಡ. ಹೈಸ್ಕೂಲಿನಲ್ಲಿ ಪಾಠ ಮಾಡುವ ಗೆಳೆಯರು ಇಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಶಾಲೆಯಲ್ಲಿ ಇದು ಆಗುತ್ತದಾ, ಆಗುವುದಿಲ್ಲ ಅಂದರೆ ಎಲ್ಲಿ ತೊಡಕು, ಕಾಮೆಂಟಿನಲ್ಲಿ ಬರೆಯಿರಿ. ಸಭೆಗೆ ಮೊದಲು ನನಗೆ ಅದು ಗೊತ್ತಿರಬೇಕು.