ಬೀದಿಯ ಬಿಲ್ಲು, ಶಾಸಕರ ಹಾರ

ಅಮೆರಿಕದ ಮಿನಿಯಾಪೊಲಿಸ್ ಮಗ್ಗುಲಿನ ಸಣ್ಣ ಊರು ನಮ್ಮದು. ಚಳಿಗಾಲದಲ್ಲಿ ನಗರಸಭೆಯಿಂದ ಒಂದು ಕಾಗದ ಬಂತು. ನಿಮ್ಮ ಬೀದಿ ಹಳೆಯದಾಗಿದೆ, ಕಿತ್ತು ಹೊಸದಾಗಿ ಮಾಡುತ್ತೇವೆ, ಖರ್ಚಿನಲ್ಲಿ ನಿಮ್ಮ ಮನೆಯ ಪಾಲು ಏಳು ಸಾವಿರ ಡಾಲರ್ ಚಿಲ್ಲರೆ. ಹೆಂಡತಿ ಎರಡೆರಡು ಸಲ ಓದಿದಳು. "ಮೇನಲ್ಲಿ ಒಂದ್ಸಲ, ಅಕ್ಟೋಬರ್‌ನಲ್ಲಿ ಒಂದ್ಸಲ ಆಸ್ತಿ ತೆರಿಗೆ ಕಟ್ತೀವಲ್ಲ, ಅದೇನಾಯ್ತು?" ಅಂದಳು. ನಾನು ಆ ಮೊತ್ತವನ್ನು ರೂಪಾಯಿಗೆ ಗುಣಿಸಿದೆ. ಹೊರದೇಶಕ್ಕೆ ಬಂದು ಎಷ್ಟು ವರ್ಷವಾದರೂ ಬಿಡದ ಚಾಳಿ ಇದು. ಗುಣಿಸಿದ ಮೇಲೆ ಕಾಫಿ ರುಚಿಸಲಿಲ್ಲ.

ಬೀದಿ ಕೆಟ್ಟಿರುವುದಂತೂ ನಿಜ. ಮಿನ್ನೆಸೋಟದಲ್ಲಿ ಇರುವುದು ಎರಡೇ ಕಾಲ, ಒಂದು ಚಳಿಗಾಲ, ಇನ್ನೊಂದು ರಸ್ತೆ ರಿಪೇರಿ ಕಾಲ ಅಂತ ಇಲ್ಲಿಯವರೇ ತಮಾಷೆ ಮಾಡುತ್ತಾರೆ. ಡಾಂಬರಿನ ಬಿರುಕಿಗೆ ನೀರು ಇಳಿಯುತ್ತದೆ. ಹೆಪ್ಪುಗಟ್ಟಿ ಉಬ್ಬುತ್ತದೆ. ಮಾರ್ಚ್ ಹೊತ್ತಿಗೆ ಕರಗಿ ಒಳಗೆ ಟೊಳ್ಳು ಬಿಡುತ್ತದೆ. ಅದರ ಮೇಲೆ ಕಸದ ಲಾರಿ ಹೋದರೆ ಗುಂಡಿ ಬಿತ್ತು ಅಂತಲೇ ಲೆಕ್ಕ. ನಮ್ಮ ಮನೆ ಮುಂದಿನ ಗುಂಡಿಗೆ ಪ್ರತಿ ವರ್ಷ ತೇಪೆ ಹಾಕುತ್ತಿದ್ದರು. ಪ್ರತಿ ವರ್ಷ ಅದು ಕಿತ್ತು ಬರುತ್ತಿತ್ತು.

ಜಗಳ ಆಡಬೇಕು ಅಂತಲೇ ಸಭೆಗೆ ಹೋದೆ. ಅಲ್ಲಿ ನನಗಿಂತ ಚೆನ್ನಾಗಿ ಜಗಳ ಆಡುವವರು ಇದ್ದರು. ಎಂಜಿನಿಯರ್ ನಮ್ಮ ಬೀದಿಯಿಂದಲೇ ಕೊರೆದು ತೆಗೆದ ಡಾಂಬರಿನ ಉರುಳೆಯನ್ನು ಮೇಜಿನ ಮೇಲೆ ಇಟ್ಟಿದ್ದ. ಮೇಲೆ ತೆಳ್ಳಗೆ ಒಂದು ಕರಿ ಪದರ, ಕೆಳಗೆಲ್ಲ ಪುಡಿ. ಬರೀ ಮೇಲುಪದರ ಹಾಕಿದರೆ ಸಾಲದಾ ಅಂತ ನಾನು ಕೇಳಿದೆ. ಅವನು ಆ ಉರುಳೆಯ ಬುಡವನ್ನು ಉಗುರಿನಿಂದ ಕೆರೆದು ತೋರಿಸಿದ. ಮಣ್ಣು ಉದುರಿತು. ನಾನು ಕೂತುಕೊಂಡೆ. ಮೂಲೆ ಮನೆಯಾಕೆ, "ನನಗೆ ಎರಡು ಕಡೆ ರಸ್ತೆ, ಹಾಗಂತ ಎರಡು ಬಿಲ್ಲಾ?" ಅಂದಳು. ರಿಟೈರ್ ಆದ ಒಬ್ಬ ಮುದುಕ ಎದ್ದು, "ಈ ರಸ್ತೆಯಿಂದ ನನ್ನ ಮನೆ ಬೆಲೆ ಏಳು ಸಾವಿರ ಏರುತ್ತದೆ ಅಂತ ಯಾರು ಹೇಳಿದ್ದು? ತೋರಿಸಿ" ಅಂತ ಪಟ್ಟು ಹಿಡಿದ.

ಅವನು ಸುಮ್ನೆ ಹಟ ಮಾಡುತ್ತಿರಲಿಲ್ಲ. ಈ ರಾಜ್ಯದ ಕಾನೂನಿನ 429ನೇ ಅಧ್ಯಾಯ ಇರುವುದೇ ಹಾಗೆ. ಕೆಲಸದಿಂದ ಮನೆಯ ಬೆಲೆ ಎಷ್ಟು ಏರುತ್ತದೋ ಅದಕ್ಕಿಂತ ಜಾಸ್ತಿ ವಸೂಲಿ ಮಾಡುವಂತಿಲ್ಲ. ಜನ ಅರ್ಜಿ ಕೊಡದೆ ಕೌನ್ಸಿಲ್ ತಾನಾಗಿ ಕೆಲಸ ಎತ್ತಿಕೊಂಡರೆ ಐದರಲ್ಲಿ ನಾಲ್ಕು ಪಾಲು ಸದಸ್ಯರು ಒಪ್ಪಬೇಕು. ಪಾಲು ಗೊತ್ತುಮಾಡುವ ವಿಚಾರಣೆಯ ಸಭೆ ಮುಗಿಯುವುದರೊಳಗೆ ಬರೆದು, ಸಹಿ ಹಾಕಿ ತಕರಾರು ಕೊಟ್ಟಿದ್ದರೆ, ಪಾಲು ಗೊತ್ತುಮಾಡಿದ 30 ದಿನದಲ್ಲಿ ಕೋರ್ಟಿಗೂ ಹೋಗಬಹುದು. ಜೇಬಿಗೆ ಕೈ ಹಾಕುವ ಮೊದಲು ನಮ್ಮ ಬಾಯಿಗೆ ಇಷ್ಟು ಅವಕಾಶ ಕೊಡುತ್ತಾರೆ.

ಅದೇ ತಿಂಗಳು ಬೆಂಗಳೂರಿನಲ್ಲಿ ಅಪ್ಪನ ಬೀದಿಗೆ ಗುದ್ದಲಿ ಪೂಜೆ ಆಯಿತು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ಒಂದರ ಬಡಾವಣೆ ಅದು. ಖಾತೆಗೆ ಅಂತ ಅಪ್ಪ ಬೆಟರ್‌ಮೆಂಟ್ ಚಾರ್ಜ್, ಅಂದರೆ ಬಡಾವಣೆಯ ಅಭಿವೃದ್ಧಿ ಶುಲ್ಕ, ಕಟ್ಟಿ ಯಾವ ಕಾಲವೋ ಆಯಿತು. ಇದ್ದ ರಸ್ತೆಯನ್ನೂ ಪೈಪ್ ಹಾಕಲು ಅಗೆದು, ಮಣ್ಣು ಮುಚ್ಚಿ ಹೋಗಿದ್ದರು. ಆ ಪೈಪಿಗೆ ನೀರು ತರುವ ಕಾವೇರಿ ಐದನೇ ಹಂತದ ಯೋಜನೆ 2024ರಲ್ಲೇ ಉದ್ಘಾಟನೆ ಆಯಿತು. ಅಗೆದ ಹಳ್ಳದ ಮೇಲೆ ಮಾತ್ರ ಮೊನ್ನೆ ಮೊನ್ನೆಯವರೆಗೂ ಸ್ಕೂಟರ್‌ಗಳು ಕುಣಿಯುತ್ತಲೇ ಇದ್ದವು.

ಅಪ್ಪ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದರು. ಶಾಮಿಯಾನ, ಹೂ ಸುತ್ತಿದ ಗುದ್ದಲಿ, ಮೂರು ಮನೆ ಉದ್ದದ ಫ್ಲೆಕ್ಸ್, ಶಾಸಕರಿಗೆ ಹಾರ. ಹಾರ ಹಾಕುವವರ ಸಾಲಿನಲ್ಲಿ ಇಸ್ತ್ರಿ ಶರ್ಟ್ ಹಾಕಿಕೊಂಡು ಅಪ್ಪ! ಫೋನ್ ಮಾಡಿ ಕೇಳಿದೆ. ಎಸ್ಟಿಮೇಟ್ ಎಷ್ಟು? ಡಾಂಬರು ಎಷ್ಟು ದಪ್ಪ? ಕಿತ್ತುಹೋದರೆ ಗುತ್ತಿಗೆದಾರ ಎಷ್ಟು ವರ್ಷ ಹೊಣೆ? ಅಪ್ಪನಿಗೆ ಮುಜುಗರ ಆಯಿತು. "ಅದನ್ನೆಲ್ಲ ಕೇಳಿದ್ರೆ ಚೆನ್ನಾಗಿರುತ್ತೇನೋ? ಪಾಪ, ಅಷ್ಟು ಕೆಲಸದ ನಡುವೆ ಬಂದು ಮಾಡಿಸ್ಕೊಡ್ತಿದಾರೆ" ಅಂದರು.

ನನಗೆ ರೇಗುವುದು ಇಲ್ಲೇ. ಶಾಸಕರ ನಿಧಿ ಅಂತ ವರ್ಷಕ್ಕೆ ಕೊಡುವ 2 ಕೋಟಿ ಇರಲಿ, ಪಾಲಿಕೆಯ ಅನುದಾನ ಇರಲಿ, ಎಲ್ಲಾ ಬರುವುದು ಅಪ್ಪನಂಥವರ ಜೇಬಿನಿಂದಲೇ ಅಲ್ವಾ? ಶೇ. 5 ರಿಯಾಯಿತಿ ತಪ್ಪಬಾರದು ಅಂತ ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟುವ ಮನುಷ್ಯ. ಅದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್ ಅಂತ ಶೇ. 24 ಬೇರೆ. ಆದರೆ ಆ ರಸೀದಿಗೂ ಮನೆ ಮುಂದಿನ ಹಳ್ಳಕ್ಕೂ ಸಂಬಂಧ ಇದೆ ಅಂತ ಅವರಿಗೆ ಅನಿಸಿಯೇ ಇಲ್ಲ. ರಸೀದಿ ಬೀರುವಿಗೆ ಹೋಗುತ್ತದೆ. ರಸ್ತೆ ದೊಡ್ಡವರ ಕೃಪೆಯಿಂದ ಬರುತ್ತದೆ. ಹಾರ ಹಾಕಿದ ಕೈ ಆಮೇಲೆ ಲೆಕ್ಕದ ಚೀಟಿಗೆ ಹೇಗೆ ಚಾಚೀತು? ಇಲ್ಲಿ ನಮ್ಮ ಮೇಯರ್‌ಗೆ ಯಾರೂ ಹಾರ ಹಾಕಲಿಲ್ಲ. ಆಕೆ ರಾತ್ರಿ ಹತ್ತರವರೆಗೂ ಬೈಸಿಕೊಂಡು ಕೂತಿದ್ದಳು.

ಈ ಪದ್ಧತಿ ಇಲ್ಲಿ ಎಲ್ಲರಿಗೂ ಹಿಡಿಸಿದೆ ಅಂತಲ್ಲ. ಪಕ್ಕದ ಸೇಂಟ್ ಪಾಲ್‌ನಲ್ಲಿ ರಸ್ತೆಗೆ ತಾಗಿದ ಅಳತೆ ಹಿಡಿದು ಚರ್ಚುಗಳಿಗೂ ಬಿಲ್ ಕಳಿಸುತ್ತಿದ್ದರು. ಚರ್ಚಿನವರು ಕೋರ್ಟಿಗೆ ಹೋದರು. ಇದು ಶುಲ್ಕವಲ್ಲ, ತೆರಿಗೆಯೇ ಅಂತ 2016ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಮನೆ ಮನೆಗೆ ಪಾಲು ಹಾಕುವುದನ್ನು ಬಿಟ್ಟು ಕರೆಂಟ್, ಗ್ಯಾಸ್ ಬಿಲ್ಲಿನಲ್ಲೇ ರಸ್ತೆಗೆ ಅಂತ ಸ್ವಲ್ಪ ಸ್ವಲ್ಪ ವಸೂಲು ಮಾಡುವ ಊರುಗಳೂ ಇವೆ. ಸಭೆಯಲ್ಲಿ ಗುಡುಗಿದ ಆ ಮುದುಕನಿಗೆ 65 ದಾಟಿದೆ. ಆ ವಯಸ್ಸಿನಲ್ಲಿ ಕಷ್ಟ ಇದ್ದವರು ಪಾಲು ಕಟ್ಟುವುದನ್ನು ಮನೆ ಮಾರುವವರೆಗೂ ಮುಂದಕ್ಕೆ ಹಾಕಿಸಿಕೊಳ್ಳಬಹುದು, ಆದರೆ ಬಡ್ಡಿ ಓಡುತ್ತಿರುತ್ತದೆ. ಸಂಬಳ ಇರುವ ನನಗೆ ಬಂದಿದ್ದೂ ಪಿಂಚಣಿಯ ಅವನಿಗೆ ಬಂದಿದ್ದೂ ಒಂದೇ ಬಿಲ್ಲು. ಅದು ಸರಿ ಅಂತ ಹೇಳಲು ನನ್ನ ಬಾಯಿ ಬರುವುದಿಲ್ಲ.

ಬೆಂಗಳೂರಲ್ಲಿ ಇಂಥ ಬಿಲ್ಲು ಶುರು ಮಾಡಿ ಅಂತಲೂ ಹೇಳಲಾರೆ. ಬೆಟರ್‌ಮೆಂಟ್ ಕಟ್ಟಿಯೂ ರಸ್ತೆ ಕಾಣದವರ ಹತ್ತಿರ ಇನ್ನೊಂದು ಬಿಲ್ ಹಿಡಿದು ಹೋದರೆ ಹೊಡೆತ ತಿನ್ನಬೇಕಾಗುತ್ತದೆ, ಅದೂ ನ್ಯಾಯವಾಗಿಯೇ.

ಇನ್ನೊಂದು ವಿಷಯ ಅಮ್ಮನಿಂದ ಆಮೇಲೆ ಗೊತ್ತಾಯಿತು. ಗುದ್ದಲಿ ಪೂಜೆಗೂ ಮುಂಚೆ, ಮಳೆಗಾಲದಲ್ಲಿ, ಎದುರು ಮನೆ ಹುಡುಗಿ ಸ್ಕೂಟಿಯಿಂದ ಬಿದ್ದು ಕೈ ಮುರಿದುಕೊಂಡಳಂತೆ. ಆ ಭಾನುವಾರವೇ ಬೀದಿಯವರೆಲ್ಲ ಮನೆಗೆ ಐನೂರು ಹಾಕಿ ಜಲ್ಲಿ ತರಿಸಿ, ಸಂಜೆಯೊಳಗೆ ಹಳ್ಳ ಮುಚ್ಚಿದ್ದಾರೆ. ನೀವು ಕೊಡೋದು ಬೇಡ ಅಂದರೂ ಬಿಡದೆ ಬಾಡಿಗೆಯವರೂ ಕೊಟ್ಟಿದ್ದಾರೆ. ಕೊನೇ ಮನೆಯ ಅಜ್ಜಿಯ ಹತ್ತಿರ ಯಾರೂ ಕೇಳಿಲ್ಲ. ನಾನು ಇಲ್ಲಿ ನನ್ನ ಮನೆ ಮುಂದಿನ ಗುಂಡಿಯನ್ನು ನಗರಸಭೆಯ ವ್ಯಾನ್ ಬರುವವರೆಗೆ ನೋಡುತ್ತಾ ನಿಲ್ಲುವವನು. ಪಕ್ಕದ ಮನೆಯವನಿಗೂ ನನಗೂ ಆ ಗುಂಡಿಯ ವಿಷಯದಲ್ಲಿ ಒಂದು ಮಾತೂ ಆಗಿಲ್ಲ.

ಆ ಜಲ್ಲಿಯ ಲೆಕ್ಕ ಬರೆದವರು ಅಪ್ಪ. ನೋಟ್‌ಬುಕ್ಕಿನಲ್ಲಿ ಮನೆ ನಂಬರ್, ಕೊಟ್ಟ ದುಡ್ಡು, ಉಳಿಕೆ ಎಲ್ಲಾ ಇದೆಯಂತೆ. ಎರಡನೇ ಟ್ರ್ಯಾಕ್ಟರ್ ಲೋಡ್ ಕಡಿಮೆ ಇದೆ ಅಂತ ಟ್ರೇಲರ್ ಹತ್ತಿ, ಕೋಲು ಇಟ್ಟು ಅಳೆದು, ಡ್ರೈವರ್ ಹತ್ತಿರ ಗಲಾಟೆ ಮಾಡಿ ಇನ್ನೂರು ರೂಪಾಯಿ ಮುರಿದುಕೊಂಡೇ ಕಳಿಸಿದರಂತೆ.

"ಹಾಗಾದ್ರೆ ಡಾಂಬರು ಹಾಕೋಕೆ ಬಂದಾಗ್ಲೂ ಆ ಕೋಲು ತಗೊಂಡು ಹೋಗಿ" ಅಂದೆ.

"ಅದು ಬೇರೆ, ಇದು ಬೇರೆ" ಅಂದರು ಅಪ್ಪ.